ಕನ್ನಡಿ ಬಿಟ್ಟ ತಮ್ಮ

ನಮ್ಮೂರಿನಲ್ಲಿ ಈಗ ಕನ್ನಡಿ ಬಿಟ್ಟವರು ಹದಿನೇಳು ಜನ. ಆ ಹದಿನೇಳರಲ್ಲಿ ನಾನಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಪ್ಪತ್ತೆರಡು ವರ್ಷ ಅದೊಂದನ್ನೇ ಹಂಬಲಿಸಿಕೊಂಡು ಬಂದವನು ಇಡೀ ಊರಿನಲ್ಲಿ ನಾನೊಬ್ಬ. ಹದಿನೇಳನೆಯವನು ಯಾರೆಂದರೆ ನನ್ನ ಒಡಹುಟ್ಟಿದ ತಮ್ಮ ಮುನಿರಾಜು. ಅವನು ಅದಕ್ಕಾಗಿ ಒಂದು ದಿನವೂ ಒಂದು ಹುಲ್ಲುಕಡ್ಡಿ ಎತ್ತಿ ಅತ್ತ ಇಟ್ಟವನಲ್ಲ. ಇದು ನನ್ನ ಹೊಟ್ಟೆಕಿಚ್ಚಿನ ಕಥೆ. ಬೇರೇನೋ ದೊಡ್ಡ ವಿಷಯ ಇರಬಹುದು ಎಂದುಕೊಂಡು ಕೂತವರು ಈಗಲೇ ಎದ್ದು ಹೋದರೂ ನನಗೆ ಬೇಜಾರಿಲ್ಲ.

ಕನ್ನಡಿ ಬಿಡುವುದು ಎಂದರೆ ಇಷ್ಟೇ. ಒಂದು ದಿನ ನೀವು ಕನ್ನಡಿಯ ಮುಂದೆ ನಿಲ್ಲುತ್ತೀರಿ, ಅದರಲ್ಲಿ ನೀವಿರುವುದಿಲ್ಲ. ಹಿಂದಿನ ಗೋಡೆ ಇರುತ್ತದೆ, ಗೋಡೆಯ ಮೇಲಿನ ಕ್ಯಾಲೆಂಡರ್ ಇರುತ್ತದೆ, ಬಾಗಿಲಾಚೆ ಹೋಗುವ ಸೈಕಲ್ಲು ಕೂಡ ಕಾಣುತ್ತದೆ. ತೊಟ್ಟ ಅಂಗಿ, ಬಳಿದುಕೊಂಡ ಪೌಡರು ಕಾಣುವುದಿಲ್ಲ. ಕೈಯಲ್ಲಿ ಹಿಡಿದ ಬಾಚಣಿಗೆ ಮಾತ್ರ ಕಾಣುತ್ತದೆ. ಹಾಗೇಕೆ ಎಂದು ನನ್ನನ್ನು ಕೇಳಬೇಡಿ. ಮಾಡುವವನು ನಾನು, ಬಯಸುವವನು ನಾನು ಎಂಬ ಭ್ರಮೆ ಯಾರಿಗೆ ಕಳಚಿಬಿತ್ತೋ ಅವರನ್ನು ಕನ್ನಡಿ ಬಿಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಸೀರೆ ಅಂಗಡಿಯವರು ಅಂಥ ಹೆಂಗಸರಿಗೆ ಸೆರಗನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡು ತೋರಿಸುತ್ತಾರೆ. ದರ್ಜಿ 'ಕುತ್ತಿಗೆ ಸರಿಯಾಗಿದೆ' ಅಂದರೆ ಸರಿಯಾಗಿದೆ ಎಂದು ನಂಬಬೇಕು. ಇನ್ನೊಂದು ಕಟ್ಟಳೆ ಇದೆ. ಕನ್ನಡಿ ಬಿಟ್ಟವರು ತಮ್ಮ ಮುಖಕ್ಕೆ ತಾವೇ ಕೈ ಹಾಕುವಂತಿಲ್ಲ. ಕುಂಕುಮ ಇಡುವುದಾಗಲಿ, ಗಡ್ಡ ತೆಗೆಯುವುದಾಗಲಿ ಅವರ ಮನೆಯವರೇ ಮಾಡಬೇಕು, ಹೊರಗಿನವರು ಮಾಡುವ ಹಾಗಿಲ್ಲ. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ, ಕೊನೆಗೆ ನನ್ನ ತಲೆಗೇ ಬಂತು.

ನಮ್ಮದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ಕಟಿಂಗ್ ಶಾಪು. ಅಪ್ಪ ಇಟ್ಟದ್ದು. ಎರಡು ಕುರ್ಚಿ, ಎರಡು ಆಳೆತ್ತರದ ಕನ್ನಡಿ. ಬಾಗಿಲ ಕಡೆಯ ಕುರ್ಚಿ ನನ್ನದು, ಒಳಗಿನದು ಮುನಿರಾಜನದು. ನನ್ನ ಹೆಸರು ವೆಂಕಟಾಚಲ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ತಲೆಯ ಮೇಲೆ ನನ್ನದೇ ಮುಖ ನೋಡಿಕೊಂಡು ನಿಲ್ಲುವವನಿಗೆ, ಈ ಮುಖ ಒಮ್ಮೆ ತೊಲಗಿದರೆ ಸಾಕಪ್ಪ ಅನ್ನಿಸುವುದು ಸಹಜವಲ್ಲವೇ? ನನಗೆ ಇಪ್ಪತ್ತಾರನೆಯ ವಯಸ್ಸಿಗೇ ಅನ್ನಿಸಿತು. ಕೆರೆ ಏರಿಯ ಹತ್ತಿರ ಕಡ್ಲೆಪುರಿ ಮಾರುವ ದ್ಯಾವಮ್ಮ ಎಂಬ ಮುದುಕಿ ಇದ್ದಾಳೆ. ಅವಳಿಗೆ ಕನ್ನಡಿ ಬಿಟ್ಟದ್ದು ಚಿಕ್ಕ ವಯಸ್ಸಿನಲ್ಲಿ. ಗುರುವಾರ ಮಧ್ಯಾಹ್ನ ಅವಳ ಮುಂದೆ ಹತ್ತು ಹದಿನೈದು ಜನ ಕೂರುತ್ತಿದ್ದರು. ಮುಂದಿನ ಚಾಪೆ ನನ್ನದು. ಬೇರೆ ಯಾರಾದರೂ ಬಂದು ಅಲ್ಲಿ ಕೂತರೆ ನಾನು ಕೆಮ್ಮುತ್ತಿದ್ದೆ, ಅವರು ಎದ್ದು ಹಿಂದೆ ಹೋಗುತ್ತಿದ್ದರು.

ದ್ಯಾವಮ್ಮ ಹೆಚ್ಚು ಮಾತಾಡುವವಳಲ್ಲ. ಕೈ ಎತ್ತು ಎನ್ನುತ್ತಿದ್ದಳು. ಎತ್ತುತ್ತಿದ್ದೆವು. ಎತ್ತಬೇಕು ಅನ್ನುವುದು ಮೊದಲು ಬಂತೋ, ಎತ್ತುವ ನೀನು ಮೊದಲು ಬಂದೆಯೋ ನೋಡು ಎನ್ನುತ್ತಿದ್ದಳು. ನಾನು ಎಷ್ಟು ನೋಡಿದೆನೆಂದರೆ ಬಲಗೈ ಭುಜದಲ್ಲಿ ನೋವು ಕಾಣಿಸಿಕೊಂಡು, ಎಣ್ಣೆ ತಿಕ್ಕಿಸಿಕೊಳ್ಳಬೇಕಾಯಿತು. ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವನೇ, ಕಸ ಗುಡಿಸುವುದಕ್ಕೂ ಮುಂಚೆ ಕನ್ನಡಿಯ ಮುಂದೆ ನಿಂತು ಹೋಗಿದೆಯಾ ಎಂದು ನೋಡುತ್ತಿದ್ದೆ. ಎಲ್ಲಿಗೆ ಹೋಗುತ್ತದೆ? ಎರಡು ಕಿವಿ, ಒಂದು ಮೂಗು, ಮೀಸೆ ಸಮೇತ ಅಲ್ಲೇ ಇರುತ್ತಿತ್ತು. ನನ್ನ ಹೆಂಡತಿ ಸಾಕಮ್ಮ ಒಮ್ಮೆ, ಮುಖ ಹೋಗಲಿ ಎಂದು ಇಷ್ಟು ಒದ್ದಾಡುವ ನೀವು ಮೀಸೆಗೆ ಕಪ್ಪು ಯಾಕೆ ಹಚ್ಚಿಕೊಳ್ಳುತ್ತೀರಿ ಎಂದು ಕೇಳಿದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.

ಒಂದು ಸಲ ನನಗೂ ಬಿಟ್ಟಿತು ಅನ್ನಿಸಿತ್ತು. ಹತ್ತು ವರ್ಷದ ಹಿಂದಿನ ಮಾತು. ಚಳಿಗಾಲದ ಬೆಳಿಗ್ಗೆ ಗಡ್ಡಕ್ಕೆಂದು ನೀರು ಕಾಯಲು ಇಟ್ಟು ತಿರುಗಿ ನೋಡುತ್ತೇನೆ, ಕನ್ನಡಿಯಲ್ಲಿ ನಾನಿಲ್ಲ! ಓಡಿಹೋಗಿ ಎದುರು ಅಂಗಡಿಯವರನ್ನೂ ಹೋಟೆಲಿನವರನ್ನೂ ಕರೆದುಕೊಂಡು ಬಂದೆ. ಕೊಬ್ಬರಿ ಸಕ್ಕರೆ ತರಿಸಿ ಹಂಚಿದೆ. ಎಲ್ಲರೂ ಬಾಯಿ ಸಿಹಿ ಮಾಡಿಕೊಂಡು ಕೈ ಮುಗಿಯುವ ಹೊತ್ತಿಗೆ ಮುನಿರಾಜು ಬಂದ. ಏನಿದು ಇಷ್ಟೊಂದು ಹಬೆ ಎಂದುಕೊಂಡು ಟವೆಲ್ಲಿನಿಂದ ಕನ್ನಡಿ ಒರೆಸಿದ. ಒರೆಸಿದಷ್ಟು ಜಾಗದಲ್ಲಿ ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ. ಅವತ್ತಿನಿಂದ ಆರು ತಿಂಗಳು ನನ್ನನ್ನು ಕಂಡವರೆಲ್ಲ ಕೊಬ್ಬರಿ ಸಕ್ಕರೆ ಯಾವಾಗ ಎಂದು ಕೇಳುತ್ತಿದ್ದರು.

ಇನ್ನು ಮುನಿರಾಜು. ಮದುವೆ ಮಾಡಿಕೊಳ್ಳಲಿಲ್ಲ, ನಮ್ಮ ಮನೆಯಲ್ಲೇ ಊಟ, ನಮ್ಮ ಪಡಸಾಲೆಯಲ್ಲೇ ನಿದ್ದೆ. ರೇಡಿಯೋ ಹಚ್ಚಿದರೆ ಹಳೇ ಹಾಡು, ನಾಲ್ಕು ಗಂಟೆಗೆ ಮೆಣಸಿನಕಾಯಿ ಬಜ್ಜಿ. ದ್ಯಾವಮ್ಮನ ಹತ್ತಿರ ಅವನು ಹೋಗುತ್ತಿದ್ದದ್ದು ಕಡ್ಲೆಪುರಿ ತರುವುದಕ್ಕೆ ಮಾತ್ರ. ಒಂದು ದಿನ ನನ್ನ ಜೊತೆ ಬಂದು ಕೂರೋ ಎಂದು ಕರೆದೆ. ಗುರುವಾರ ಮಧ್ಯಾಹ್ನ ರೇಡಿಯೋದಲ್ಲಿ ಒಳ್ಳೊಳ್ಳೆಯ ಹಾಡುಗಳು ಬರುತ್ತವೆ, ನೀನು ಹೋಗಿ ಬಾ ಎಂದ.

ಅವನಿಗೆ ಬಿಟ್ಟದ್ದು ಒಂದು ಬುಧವಾರ. ಮಂಗಳವಾರ ನಮಗೆ ರಜೆ, ಹಾಗಾಗಿ ಬುಧವಾರ ಜನ ಜಾಸ್ತಿ. ಮುನಿರಾಜು ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಕೂದಲು ಕತ್ತರಿಸುತ್ತಿದ್ದ. ನಾನು ನನ್ನ ಕುರ್ಚಿಯವನಿಗೆ ನೊರೆ ಹಚ್ಚುತ್ತಿದ್ದೆ. ಮೇಷ್ಟ್ರು ಇದ್ದಕ್ಕಿದ್ದಂತೆ, ಮುನಿರಾಜು, ನೀನೆಲ್ಲಿ ಹೋದೆಯಪ್ಪ ಎಂದು ಮೆಲ್ಲಗೆ ಕೇಳಿದರು. ಇಲ್ಲೇ ಇದ್ದೀನಿ ಸಾರ್ ಎಂದ. ನಾನು ತಿರುಗಿ ನೋಡಿದೆ. ಕನ್ನಡಿಯಲ್ಲಿ ಮೇಷ್ಟ್ರು ಕೂತಿದ್ದರು. ಅವರ ಬಲಗಿವಿಯ ಪಕ್ಕ ಒಂದು ಬಾಚಣಿಗೆ, ಒಂದು ಕತ್ತರಿ ತಮ್ಮ ಪಾಡಿಗೆ ತಾವು ಕಚ ಕಚ ಎಂದು ಕೆಲಸ ಮಾಡುತ್ತಿದ್ದವು. ಅವುಗಳ ಹಿಂದೆ ಯಾರೂ ಇರಲಿಲ್ಲ.

ನಾನು ಮೊದಲು ನೋಡಿದ್ದು ನನ್ನ ಕನ್ನಡಿಯನ್ನು. ತಮ್ಮನಿಗೆ ಬಿಟ್ಟಿದೆ ಅಂದರೆ ಅದೇ ಗಾಳಿಯಲ್ಲಿ ನನಗೂ ಬಿಟ್ಟಿರಬಹುದು ಎಂಬ ಆಸೆ. ನನ್ನ ಮುಖ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಜನ ಸೇರಿದರು, ಮೇಷ್ಟ್ರು ಅರ್ಧ ಕಟಿಂಗಿನಲ್ಲೇ ಎದ್ದು ಅವನ ಕೈ ಹಿಡಿದುಕೊಂಡರು, ಸಾಕಮ್ಮ ಸುದ್ದಿ ಕೇಳಿ ಮನೆಯಿಂದ ಓಡಿಬಂದು ಅತ್ತಳು. ನಾನೂ ಬೆನ್ನು ತಟ್ಟಿದೆ. ಎಷ್ಟು ಜೋರಾಗಿ ತಟ್ಟಿದೆನೆಂದರೆ ಅವನು ಒಂದು ಹೆಜ್ಜೆ ಮುಂದಕ್ಕೆ ಹೋದ.

ಎಲ್ಲರೂ ಹೋದ ಮೇಲೆ ಅವನನ್ನು ಕೂರಿಸಿಕೊಂಡು, ಏನು ಮಾಡಿದೆ, ಹೇಗೆ ಮಾಡಿದೆ, ನನ್ನ ಹತ್ತಿರ ಮುಚ್ಚಿಡಬೇಡ ಎಂದೆ. ಅವನು ತಲೆ ಕೆರೆದುಕೊಂಡ.

"ನಾನೇನೂ ಮಾಡ್ಲಿಲ್ಲ ಅಣ್ಣ. ಮೇಷ್ಟ್ರ ಕಿವಿ ಪಕ್ಕ ಕತ್ರಿ ಓಡ್ತಿತ್ತು. ಓಡಿಸ್ತಿರೋನು ಯಾರು ಅಂತ ಸುಮ್ನೆ ನೋಡ್ದೆ. ಯಾರೂ ಸಿಗ್ಲಿಲ್ಲ. ಕತ್ರಿ ಮಾತ್ರ ನಿಲ್ಲಲಿಲ್ಲ. ಅಷ್ಟೇ."

ಅಷ್ಟೇ ಅಂತೆ! ನಾನು ಇಪ್ಪತ್ತೆರಡು ವರ್ಷ ಭುಜ ನೋಯಿಸಿಕೊಂಡದ್ದು ಇವನ 'ಸುಮ್ನೆ ನೋಡ್ದೆ'ಗಾಗಿಯೇ? ಅವತ್ತು ಊಟ ಸೇರಲಿಲ್ಲ. ಅವನು ಎರಡು ಮುದ್ದೆ ಉಂಡ, ಮೇಲೆ ಮಜ್ಜಿಗೆ ಕುಡಿದ.

ಅದಾದ ಮೇಲೆ ನನ್ನ ಕುರ್ಚಿಗೆ ಜನ ಬರುವುದು ನಿಂತಿತು. ಬರುವವರೆಲ್ಲ ಒಳಗಿನ ಕುರ್ಚಿಗೇ ಬರುತ್ತಿದ್ದರು. ನನ್ನದು ಖಾಲಿ ಇದೆ ಬನ್ನಿ ಎಂದರೆ, ಪರವಾಗಿಲ್ಲ ಕಾಯುತ್ತೇವೆ ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ನನ್ನ ಕೈಯಲ್ಲೇ ತಲೆ ಕೊಟ್ಟವರು ಬೆಂಚಿನ ಮೇಲೆ ಕೂತು ಪೇಪರ್ ಓದುವ ಹಾಗೆ ನಟಿಸುತ್ತಿದ್ದರು. ಕನ್ನಡಿಯಲ್ಲಿ ಕತ್ತರಿ ತಾನೇ ಆಡುವುದನ್ನು ನೋಡಬೇಕು ಅವರಿಗೆ. ನಾನು ಟವೆಲ್ಲು ಒಗೆದೆ, ಕುರ್ಚಿಯ ತಿರುಪುಗಳಿಗೆ ಎಣ್ಣೆ ಬಿಟ್ಟೆ. ಮುನಿರಾಜನ ಒಳ್ಳೆಯ ಕತ್ತರಿಯನ್ನು ನನ್ನ ಪೆಟ್ಟಿಗೆಗೆ ಹಾಕಿಕೊಂಡು ಮೊಂಡು ಕತ್ತರಿಯನ್ನು ಅವನ ಕಡೆ ಇಟ್ಟೆ. ಅವನು ಅದನ್ನು ಸಾಣೆಗೆ ಕೊಟ್ಟು ತಂದು ಕೆಲಸ ಮುಂದುವರಿಸಿದ. ಕೇಳಲೂ ಇಲ್ಲ. ಕೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಇವನಿಗೆ ನಿಜವಾಗಿ ಬಿಟ್ಟಿಲ್ಲ, ಕನ್ನಡಿಗೇ ಏನೋ ಆಗಿದೆ ಎಂಬ ಅನುಮಾನ ನನಗೆ. ಮಾಡುವವನು ಒಳಗೆ ಇಲ್ಲ ಅಂದಮೇಲೆ ಕೋಪ ಯಾರಿಗೆ ಬರಬೇಕು? ಬರಿಸಿ ನೋಡೋಣ ಎಂದು ತೀರ್ಮಾನಿಸಿದೆ. ಅಂಗಡಿಯಲ್ಲಿ ನಾಲ್ಕು ಜನ ಇದ್ದಾಗ, ಅಪ್ಪ ಸಾಯುವಾಗ ನನ್ನ ಹತ್ತಿರ ಒಂದು ಮಾತು ಹೇಳಿದ್ದರು, ಈ ಮುನಿಯನ ಕೈಗೆ ಕತ್ತಿ ಕೊಡಬೇಡ, ಇವನು ಕೆಲಸಕ್ಕೆ ಬಾರದವನು ಅಂತ, ಎಂದೆ. ಅಪ್ಪ ಅಂಥ ಮಾತು ಆಡಿಯೇ ಇರಲಿಲ್ಲ. ಸಾಯುವಾಗ ಅವರು ಕೇಳಿದ್ದೇ ಮುನಿರಾಜನನ್ನು. ಅವನ ಮುಖ ಕೆಂಪಗಾಯಿತು. ಸತ್ತ ಅಪ್ಪನನ್ನು ಯಾಕೆ ಎಳೆಯುತ್ತೀಯ ಎಂದು ಕೂಗಿ, ನೊರೆಯ ಬ್ರಷ್ಷನ್ನು ಗೋಡೆಗೆ ಬೀಸಿ ಒಗೆದ. ನನಗೆ ಹಬ್ಬವಾಯಿತು. ಸಿಕ್ಕಿಬಿದ್ದೆ ಮಗನೇ ಎಂದುಕೊಂಡು ಅವನ ತೋಳು ಹಿಡಿದು ಕನ್ನಡಿಯ ಮುಂದೆ ಎಳೆದು ನಿಲ್ಲಿಸಿ, ನೋಡಿ, ಎಲ್ಲರೂ ನೋಡಿ ಎಂದೆ. ಎಲ್ಲರೂ ನೋಡಿದರು. ಕನ್ನಡಿಯಲ್ಲಿ ಅವನಿರಲಿಲ್ಲ. ನಾನೊಬ್ಬನೇ ಇದ್ದೆ, ಎರಡೂ ಕೈಯಿಂದ ಗಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡು.

ಬೆಂಚಿನ ಮೇಲಿದ್ದವರು ನಗಲಿಲ್ಲ. ಅದರಿಂದಲೇ ಹೆಚ್ಚು ನೋವಾಯಿತು. ಮುನಿರಾಜು ಹೋಗಿ ಬ್ರಷ್ಷು ಎತ್ತಿಕೊಂಡು ತೊಳೆದ.

"ಕೋಪ ಬಂದಿತ್ತು ಅಣ್ಣ, ಹೋಯ್ತು. ಬಾ, ಟೀ ಕುಡ್ಕೊಂಡು ಬರೋಣ," ಎಂದ.

ನಾನು ಹೋಗಲಿಲ್ಲ. ಅವನಿಗೂ ಕೋಪ ಬರುತ್ತದೆ, ನನಗೂ ಬರುತ್ತದೆ. ಅವನಿಗೆ ಬಂದದ್ದು ಹೋಗುತ್ತದೆ, ನನಗೆ ಬಂದದ್ದು ಚಾಪೆ ಹಾಸಿಕೊಂಡು ಮಲಗುತ್ತದೆ. ಇಷ್ಟೇ ವ್ಯತ್ಯಾಸ. ಈ ಇಷ್ಟೇ ವ್ಯತ್ಯಾಸ ನನಗೆ ಯಾಕೆ ಸಿಗಲಿಲ್ಲ ಎಂದು ಯೋಚಿಸುತ್ತಾ ಬೆಂಚಿನ ಮೇಲೆ ಕೂತೆ.

ಇಷ್ಟು ಸಾಲದು ಎಂಬಂತೆ ಆ ಕಟ್ಟಳೆ ಬೇರೆ. ಅವನ ಗಡ್ಡ ಮನೆಯವರೇ ತೆಗೆಯಬೇಕು, ಮನೆಯಲ್ಲಿ ಕತ್ತಿ ಹಿಡಿಯುವವನು ನಾನೊಬ್ಬನೇ. ಬುಧವಾರ ಮತ್ತು ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯುವುದಕ್ಕೆ ಮುಂಚೆ ಅವನು ನನ್ನ ಕುರ್ಚಿಯಲ್ಲಿ ಕೂರುತ್ತಿದ್ದ. ನಾನು ನೊರೆ ಹಚ್ಚಿ, ಕತ್ತಿಯನ್ನು ತೊಗಲಿನ ಪಟ್ಟಿಗೆ ಮಸೆದು, ಯಾರ ಮುಖ ನೋಡಿದರೆ ನನ್ನ ಹೊಟ್ಟೆ ಉರಿಯುತ್ತಿತ್ತೋ ಅದೇ ಮುಖವನ್ನು ಅಂಗೈಯಲ್ಲಿ ಹಿಡಿದು ನುಣ್ಣಗೆ ಮಾಡುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡು ತಲೆ ಹಿಂದಕ್ಕೆ ಒರಗಿಸುತ್ತಿದ್ದ. ಒಮ್ಮೊಮ್ಮೆ ಅಲ್ಲೇ ನಿದ್ದೆ ಹೋಗುತ್ತಿದ್ದ.

ಹೀಗೆ ಎಂಟು ತಿಂಗಳು ಕಳೆಯಿತು. ಒಂದು ಸೋಮವಾರ ಸಾಕಮ್ಮ ಕೆರೆಯ ಕಡೆಯಿಂದ ಬಂದವಳು, ದ್ಯಾವಮ್ಮನಿಗೆ ಕೂರುವ ಶಕ್ತಿ ಇಲ್ಲವಂತೆ, ಈ ಗುರುವಾರದಿಂದ ಮುನಿರಾಜನ ಮುಂದೆ ಕೂತುಕೊಳ್ಳಿ ಎಂದು ಎಲ್ಲರಿಗೂ ಹೇಳಿ ಕಳಿಸಿದ್ದಾಳಂತೆ ಎಂದಳು. ಎಲ್ಲಿ ಕೂರುವುದು ಎಂದು ಕೇಳಿದೆ. ನಮ್ಮ ಅಂಗಡಿಯಲ್ಲೇ ಅಂತೆ ಎಂದಳು. ಹೇಳುವಾಗ ಅವಳಿಗೆ ಎಷ್ಟು ಹೆಮ್ಮೆ! ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಎದ್ದೆ.

ಮರುದಿನ ಅಂಗಡಿಗೆ ರಜೆ. ನೇರ ಕೆರೆ ಏರಿಗೆ ಹೋದೆ. ದ್ಯಾವಮ್ಮ ಗೋಣಿಚೀಲದ ಪಕ್ಕ ಮುದುರಿ ಕೂತು ಸೇರಿನಲ್ಲಿ ಪುರಿ ಅಳೆಯುತ್ತಿದ್ದಳು. ಇಪ್ಪತ್ತೆರಡು ವರ್ಷ ಒಂದು ಗುರುವಾರವೂ ತಪ್ಪಿಸದೆ ನಿಮ್ಮ ಮುಂದೆ ಕೂತವನು ನಾನು, ಅವನು ಒಂದು ದಿನ ಬಂದಿದ್ದನಾ, ಈಗ ನಾನು ನನ್ನ ತಮ್ಮನ ಮುಂದೆ ಚಾಪೆ ಹಾಕಿಕೊಂಡು ಕೂರಬೇಕಾ ಎಂದು ಕೇಳಿದೆ. ಕೇಳುತ್ತಾ ಕೇಳುತ್ತಾ ಅಳು ಬಂತು. ನಲವತ್ತೆಂಟು ವರ್ಷದ ಗಂಡಸು ಕಡ್ಲೆಪುರಿ ಚೀಲದ ಮುಂದೆ ನಿಂತು ಅತ್ತೆ. ದ್ಯಾವಮ್ಮ ಸೇರನ್ನು ಕೆಳಗಿಟ್ಟಳು.

"ಅವ್ನು ಏನಾರ ಮಾಡಿ ಸಂಪಾದ್ಸಿದ್ರೆ ನೀನು ಹೊಟ್ಟೆ ಉರ್ಕೊಳೋದ್ರಲ್ಲಿ ನ್ಯಾಯ ಇತ್ತು ಕಣಪ್ಪ. ಅವ್ನು ಏನೂ ಮಾಡ್ಲಿಲ್ಲ. ನಿನ್ ಹೊಟ್ಟೆಕಿಚ್ಚೂ ನೀನು ಮಾಡಿದ್ದಲ್ಲ. ಬೆಳಿಗ್ಗೆ ಎದ್ದು, ಇವತ್ತು ಇಷ್ಟು ಉರ್ಕೋತೀನಿ ಅಂತ ನೀನೇ ತೀರ್ಮಾನ ಮಾಡಿ ಉರ್ಕೊಂಡ್ಯಾ?"

ಅದನ್ನಾದರೂ ನನ್ನದು ಅಂತ ಇರಲಿ ಬಿಡಮ್ಮ ಎಂದೆ. ಎಲ್ಲ ಕಳೆದುಕೊಂಡವನ ಹತ್ತಿರ ಉಳಿದಿರುವುದು ಹೊಟ್ಟೆಕಿಚ್ಚೊಂದೇ, ಅದೂ ನಿನ್ನದಲ್ಲ ಎನ್ನುತ್ತಾಳಲ್ಲ ಈ ಮುದುಕಿ! ಅವಳು ಒಂದು ಸೇರು ಪುರಿಯನ್ನು ಪೇಪರಿನಲ್ಲಿ ಕಟ್ಟಿ ಕೊಟ್ಟಳು. ತೆಗೆದುಕೊಳ್ಳದೆ ಬಂದೆ.

ಬುಧವಾರ ಬೆಳಿಗ್ಗೆ ಮುನಿರಾಜು ಎಂದಿನಂತೆ ಬಂದು ಕುರ್ಚಿಯಲ್ಲಿ ಕೂತ. ನಾಳೆ ಜನ ಬರುತ್ತಾರಂತೆ, ಬೆಂಚು ಸಾಲುವುದಿಲ್ಲ, ಮನೆಯಿಂದ ಎರಡು ಚಾಪೆ ತರಬೇಕು ಎಂದ. ಮುಂದಿನದು ನಿನಗೆ ಇಡುತ್ತೇನೆ ಎಂದೂ ಹೇಳಿದ. ಅವನು ಕುಹಕಕ್ಕೆ ಹೇಳುವವನಲ್ಲ, ಪ್ರೀತಿಯಿಂದಲೇ ಹೇಳಿದ. ನನಗೆ ಅದು ಕಾದ ಎಣ್ಣೆಯ ಹಾಗೆ ಕಿವಿಗೆ ಬಿತ್ತು. ನೊರೆ ಹಚ್ಚಿದೆ. ಕತ್ತಿ ಮಸೆದೆ. ಎಂದಿಗಿಂತ ಹೆಚ್ಚು ಹೊತ್ತು ಮಸೆದೆ ಅನ್ನಿಸುತ್ತದೆ. ಅವನು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಇಟ್ಟ.

ನಾನು ಯಾವಾಗಲೂ ಕುತ್ತಿಗೆಯಿಂದ ಶುರು ಮಾಡುವವನು. ಎಡಗೈಯಿಂದ ಗದ್ದ ಎತ್ತಿ ಹಿಡಿದು, ಕತ್ತಿಯನ್ನು ಗಂಟಲ ಉಬ್ಬಿನ ಕೆಳಗೆ ಇಟ್ಟೆ. ಆಗ ಬಂತು ಆ ಯೋಚನೆ. ಒಂದೇ ಒಂದು ಸಲ ಒತ್ತಿ ಎಳೆದರೆ ನಾಳೆ ಗುರುವಾರ ಇರುವುದಿಲ್ಲ. ಸುಳ್ಳು ಹೇಳಿ ಏನು ಮಾಡಲಿ, ಇಷ್ಟು ಸ್ಪಷ್ಟವಾಗಿ, ಪಕ್ಕದಲ್ಲಿ ನಿಂತು ಯಾರೋ ಹೇಳಿದ ಹಾಗೆ ಬಂತು. ನಾನು ಕರೆದಿರಲಿಲ್ಲ. ನನ್ನ ಕೈ ಬಿಗಿಯಾಯಿತು. ಬಿಗಿ ಮಾಡು ಎಂದು ನಾನು ಹೇಳಿರಲಿಲ್ಲ. ಕತ್ತಿಯ ಅಲಗಿನ ಕೆಳಗೆ ಅವನ ನರ ಬಡಿದುಕೊಳ್ಳುವುದು ಬೆರಳಿಗೆ ಗೊತ್ತಾಗುತ್ತಿತ್ತು. ನನ್ನ ಹಣೆಯಿಂದ ಒಂದು ಬೆವರಿನ ಹನಿ ಅವನ ಕೆನ್ನೆಯ ನೊರೆಯ ಮೇಲೆ ಬಿತ್ತು.

"ಅಣ್ಣ, ಕೈ ಬಿಗಿ ಆಗಿದೆ," ಎಂದ ಮುನಿರಾಜು. ಕಣ್ಣು ತೆರೆಯಲಿಲ್ಲ. ತಲೆಯನ್ನೂ ಆ ಕಡೆ ಈ ಕಡೆ ಸರಿಸಲಿಲ್ಲ. ಅವನಿಗೆ ಎಲ್ಲ ಗೊತ್ತಾಗಿತ್ತು ಎಂದು ಈಗಲೂ ನನ್ನ ನಂಬಿಕೆ.

ಕೈ ಸಡಿಲವಾಯಿತು. ದೇವರಾಣೆಗೂ ನಾನು ಸಡಿಲ ಮಾಡಲಿಲ್ಲ. ಮಾಡಬೇಕು ಎಂದುಕೊಳ್ಳುವ ಮುಂಚೆಯೇ ಆಗಿಹೋಗಿತ್ತು. ಕೊಲ್ಲು ಎಂದದ್ದೂ ನಾನಲ್ಲ, ಬಿಡು ಎಂದದ್ದೂ ನಾನಲ್ಲ. ಎರಡೂ ಬಂದವು, ಎರಡರಲ್ಲಿ ಒಂದು ಗೆದ್ದಿತು, ಗೆದ್ದದ್ದು ಯಾವುದೆಂದು ನನಗೆ ಆಮೇಲೆ ಗೊತ್ತಾಯಿತು. ಕತ್ತಿ ಗಂಟಲಿನಿಂದ ಮೇಲಕ್ಕೆ ಬಂದು, ಗದ್ದ ದಾಟಿ, ಎಡಗೆನ್ನೆಗೆ ಹೋಯಿತು. ಸರ್ ಸರ್ ಎಂದು ಶಬ್ದ. ನೊರೆ ಹೋಗುತ್ತಿತ್ತು, ಚರ್ಮ ಕಾಣುತ್ತಿತ್ತು. ಹೊಟ್ಟೆಕಿಚ್ಚು ಕೂಡ ಎಲ್ಲೂ ಹೋಗಿರಲಿಲ್ಲ, ಒಲೆಯಲ್ಲಿ ಕೆಂಡ ಇದ್ದ ಹಾಗೆ ಅಲ್ಲೇ ಇತ್ತು. ಆದರೆ ಅದು ಯಾರದ್ದು ಎಂದು ಕೇಳುವವರು ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಭುಜ ಹಗುರವಾಗಿತ್ತು. ಸುಮ್ಮನೆ ತಲೆ ಎತ್ತಿದೆ.

ಕನ್ನಡಿಯಲ್ಲಿ ಖಾಲಿ ಕುರ್ಚಿ. ಹಿಂದೆ ಬೆಂಚು, ಗೋಡೆ, ಬಾಗಿಲ ಸಂದಿನ ಬಿಸಿಲು. ಕುರ್ಚಿಯ ಮೇಲೆ ಗಾಳಿಯಲ್ಲಿ ಒಂದು ಕತ್ತಿ ಮೆಲ್ಲಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಹಿಡಿದವನಿಲ್ಲ, ಹಿಡಿಸಿಕೊಂಡವನಿಲ್ಲ. ಕತ್ತಿ ಒಂದು ಸಲ ಇಳಿಯಿತು, ಎರಡು ಸಲ ಇಳಿಯಿತು, ಮೂರನೆಯ ಸಲವೂ ಇಳಿಯಿತು. ಎಷ್ಟು ಚೆನ್ನಾಗಿತ್ತೆಂದು ಹೇಳಲು ನನಗೆ ಬರುವುದಿಲ್ಲ.

ಆಮೇಲೆ, ಸಿಕ್ಕಿತು ಅನ್ನಿಸಿತು. ನನಗೂ ಸಿಕ್ಕಿತು, ಗುರುವಾರಕ್ಕೆ ಒಂದು ದಿನ ಮುಂಚೆಯೇ ಸಿಕ್ಕಿತು, ಸಾಕಮ್ಮನನ್ನು ಕರೆಯಬೇಕು, ಮೇಷ್ಟ್ರನ್ನು ಕರೆಯಬೇಕು, ಹದಿನೆಂಟನೆಯವನು ನಾನು, ಇವನದ್ದು ಪುಕ್ಕಟೆ ಬಂದದ್ದು, ನನ್ನದು ದುಡಿದು ಬಂದದ್ದು. ಇಷ್ಟು ಅಂದುಕೊಳ್ಳುವಷ್ಟರಲ್ಲಿ ಕತ್ತಿಯ ಹಿಂದೆ ಒಂದು ಕೈ ಕಂಡಿತು. ಕೈಯ ಹಿಂದೆ ತೋಳು. ಕಿವಿ, ಮೂಗು, ಕಪ್ಪು ಹಚ್ಚಿದ ಮೀಸೆ, ಎಲ್ಲ ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಆ ಮುಖದ ಕಣ್ಣು ಆಸೆಯಿಂದ ಹೊಳೆಯುತ್ತಿತ್ತು.

ಮುನಿಯಾ, ನೋಡಿದೆಯಾ, ಈಗ ನೋಡಿದೆಯಾ ಎಂದು ಅವನ ಹೆಗಲು ಅಲ್ಲಾಡಿಸಿದೆ. ಅವನು ಕಣ್ಣು ತೆರೆದು, ಏನನ್ನು ಎಂದು ಕೇಳಿದ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಅವನ ಕಣ್ಣಿನಲ್ಲಿ ನೀರು ಬಂತು. ಮತ್ತೆ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಇಟ್ಟುಕೊಂಡ.

"ಈ ಕಡೆ ಕೆನ್ನೆ ಉಳೀತಲ್ಲ ಅಣ್ಣ," ಎಂದ.

ಎಡಗೆನ್ನೆಯ ಗಡ್ಡ ತೆಗೆದವರು ಯಾರೋ ನನಗೆ ಗೊತ್ತಿಲ್ಲ. ಬೆಣ್ಣೆಯ ಹಾಗೆ ನುಣ್ಣಗಿತ್ತು. ಬಲಗೆನ್ನೆಯಲ್ಲಿ, ಕಿವಿಯ ಕೆಳಗೆ, ಸಣ್ಣದೊಂದು ಗಾಯವಾಯಿತು. ಅದು ನಾನು ಮಾಡಿದ್ದು.